ರಿಮೋಟ್ ಸ್ಟಾರ್ಟ್ ನಿಂತಿದೆಯೇ? ಸಬ್‌ಸ್ಕ್ರಿಪ್ಷನ್ ಕಟ್ಟುವ ಮೊದಲು ಕಾರನ್ನು ಹೀಗೆ ಪರೀಕ್ಷಿಸಿ

ಮೇ ತಿಂಗಳ ಒಂದು ಮಧ್ಯಾಹ್ನ. ಅಮ್ಮನನ್ನು ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಕಾರು ಮನೆ ಮುಂದಿನ ಕಾಂಪೌಂಡಿನಲ್ಲಿ ಬಿಸಿಲಿಗೆ ಕಾದು ನಿಂತಿತ್ತು. ಹತ್ತುವ ಮೊದಲೇ ಎಸಿ ಓಡಿ ತಂಪಾಗಲಿ ಅಂತ, ಎಂದಿನಂತೆ ಫೋನಿನಲ್ಲಿ ಕಾರಿನ ಆ್ಯಪ್ ತೆರೆದು ರಿಮೋಟ್ ಸ್ಟಾರ್ಟ್, ಅಂದರೆ ದೂರದಿಂದಲೇ ಎಂಜಿನ್ ಆನ್ ಮಾಡುವ ಬಟನ್ ಒತ್ತಿದೆ. ಫೋನಿನ ಪರದೆಯಲ್ಲಿ ಚಕ್ರ ತಿರುಗಿತು, ತಿರುಗಿತು, ಕೊನೆಗೆ 'ಆಗಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ' ಅಂತ ಬಂತು. ಮತ್ತೆ ಒತ್ತಿದೆ. ಮತ್ತೆ ಅದೇ ಉತ್ತರ.

ಅದೇ ವಾರ ನನ್ನ ಫೋನಿಗೆ ಮೆಸೇಜ್ ಬಂದಿತ್ತು. ಕಾರಿನ ಜೊತೆ ಕೊಟ್ಟಿದ್ದ ಮೂರು ವರ್ಷದ ಉಚಿತ ಕನೆಕ್ಟೆಡ್ ಸೇವೆ (ಇಂಟರ್ನೆಟ್ ಮೂಲಕ ಕಾರನ್ನು ಆ್ಯಪ್‌ಗೆ ಜೋಡಿಸುವ ಸೇವೆ) ಮುಗಿಯುತ್ತಿದೆ, ರಿನ್ಯೂ ಮಾಡಿ ಅಂತ. ನಾನು ಎರಡನ್ನೂ ಸೇರಿಸಿ ನೋಡಿದೆ. ಅವಧಿ ಮುಗಿದಿದೆ, ಅದಕ್ಕೇ ಸ್ಟಾರ್ಟ್ ಆಗುತ್ತಿಲ್ಲ ಅಂದುಕೊಂಡೆ. ಅಲ್ಲೇ ನಿಂತು ಒಂದು ವರ್ಷದ ಹಣ ಕಟ್ಟಿದೆ. ಸಬ್‌ಸ್ಕ್ರಿಪ್ಷನ್ ಸಕ್ರಿಯ ಅಂತ ಆ್ಯಪ್ ತೋರಿಸಿತು. ಕಾರು ಮಾತ್ರ ಸ್ಟಾರ್ಟ್ ಆಗಲಿಲ್ಲ. ಸಹಾಯವಾಣಿಯವರು 24 ಗಂಟೆ ಕಾಯಿರಿ ಅಂದರು. ಮೂರು ದಿನ ಕಾದೆ.

ನಾಲ್ಕನೇ ದಿನ ನಮ್ಮ ಬಡಾವಣೆಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಆ್ಯಪ್ ಕಡೆ ನೋಡಲೇ ಇಲ್ಲ. 'ಕೀ ಬಟನ್‌ನಲ್ಲಿ ಸ್ಟಾರ್ಟ್ ಆಗುತ್ತಾ ಸಾರ್?' ಅಂದರು. ಒತ್ತಿ ನೋಡಿದೆ. ಆಗಲಿಲ್ಲ. 'ಆ್ಯಪ್‌ನಿಂದ ಲಾಕ್ ಮಾಡಿ ನೋಡಿ.' ಮಾಡಿದೆ. ಟಕ್ ಅಂತ ಲಾಕ್ ಆಯಿತು. 'ಹಾಗಾದ್ರೆ ಫೋನಿಂದ ಕಾರಿನ ತನಕ ಎಲ್ಲ ಸರಿ ಇದೆ. ಕಾರೇ ಬೇಡ ಅಂತಿದೆ' ಅಂದರು.

ಎರಡು ನಿಮಿಷದ ಆ ಪರೀಕ್ಷೆಯಿಂದಲೇ ನಾನು ಈ ಕೈಪಿಡಿ ಶುರು ಮಾಡುತ್ತೇನೆ.

ದಾರಿಗಳು ಎರಡು

ರಿಮೋಟ್ ಸ್ಟಾರ್ಟ್ ಅನ್ನುವುದು ಒಂದೇ ಸೌಲಭ್ಯದಂತೆ ಕಾಣುತ್ತದೆ. ಆದರೆ ಕಾರಿಗೆ ಆಜ್ಞೆ ಹೋಗುವ ದಾರಿ ಎರಡಿವೆ.

ಒಂದು ಕೀ ದಾರಿ. ಕೈಯಲ್ಲಿರುವ ಕೀ ಸಣ್ಣ ರೇಡಿಯೋ ಸಂಕೇತ ಕಳಿಸುತ್ತದೆ, ಕಾರು ಅದನ್ನು ನೇರವಾಗಿ ಕೇಳಿಸಿಕೊಳ್ಳುತ್ತದೆ. ಮಧ್ಯೆ ಟವರ್ ಇಲ್ಲ, ಸರ್ವರ್ ಇಲ್ಲ, ಇಂಟರ್ನೆಟ್ ಇಲ್ಲ. ದೂರ ಮಾತ್ರ ಕಡಿಮೆ.

ಇನ್ನೊಂದು ಆ್ಯಪ್ ದಾರಿ. ಇದು ಬಳಸು ದಾರಿ. ನಿಮ್ಮ ಫೋನಿನಿಂದ ಕಂಪನಿಯ ಸರ್ವರ್‌ಗೆ. ಅಲ್ಲಿ 'ಈ ಕಾರಿಗೆ ಹಣ ಕಟ್ಟಿದ್ದಾರಾ' ಅಂತ ನೋಡುತ್ತಾರೆ. ಅಲ್ಲಿಂದ ಮೊಬೈಲ್ ಟವರ್‌ಗೆ, ಟವರ್‌ನಿಂದ ಕಾರಿನೊಳಗೇ ಕೂರಿಸಿದ ಸಿಮ್, ಅಂದರೆ ಇ-ಸಿಮ್‌ಗೆ. ಆ ಇ-ಸಿಮ್ ಇರುವ ಪೆಟ್ಟಿಗೆಗೆ ಟೆಲಿಮ್ಯಾಟಿಕ್ಸ್ ಯೂನಿಟ್ ಅನ್ನುತ್ತಾರೆ. ಅದು ಕಾರಿನ ಒಳಗಿನ ಕಂಪ್ಯೂಟರ್‌ಗೆ ಹೇಳುತ್ತದೆ. ಆ ಕಂಪ್ಯೂಟರ್ ಬಾಗಿಲು, ಬಾನೆಟ್, ಗೇರ್ ಎಲ್ಲ ನೋಡಿ ಒಪ್ಪಿದರೆ ಮಾತ್ರ ಎಂಜಿನ್ ಸ್ಟಾರ್ಟ್ ಆಗುತ್ತದೆ.

ಎರಡೂ ದಾರಿಗಳು ಕೊನೆಗೆ ಸೇರುವುದು ಆ ಕಂಪ್ಯೂಟರ್ ಹತ್ತಿರವೇ. ಸಬ್‌ಸ್ಕ್ರಿಪ್ಷನ್ ಅನ್ನುವುದು ಆ್ಯಪ್ ದಾರಿಯಲ್ಲಿರುವ ಒಂದೇ ಒಂದು ಗೇಟು. ಅದನ್ನು ಹಣ ಕೊಟ್ಟು ತೆರೆಸಬಹುದು. ಆದರೆ ಮುಂದೆ ರಸ್ತೆಯೇ ಕಿತ್ತು ಹೋಗಿದ್ದರೆ ಗೇಟು ತೆರೆದು ಏನು ಬಂತು, ಅಲ್ವಾ?

ಎರಡು ನಿಮಿಷದ ಪರೀಕ್ಷೆ

ಕಾರನ್ನು ಬೇಸ್‌ಮೆಂಟಿನಿಂದ ತೆಗೆದು ಆಕಾಶ ಕಾಣುವ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಆಫ್ ಮಾಡಿ, ಎಲ್ಲ ಬಾಗಿಲು ಹಾಕಿ, ಕೀಯಿಂದ ಲಾಕ್ ಮಾಡಿ. ಹತ್ತು ಹೆಜ್ಜೆ ದೂರ ನಿಂತು ಮೂರು ಕೆಲಸ ಮಾಡಿ. ಕೀಯಲ್ಲಿ ರಿಮೋಟ್ ಸ್ಟಾರ್ಟ್ ಬಟನ್ ಇದ್ದರೆ ಒತ್ತಿ ನೋಡಿ. ಆಮೇಲೆ ಆ್ಯಪ್‌ನಿಂದ ಲಾಕ್, ಅನ್‌ಲಾಕ್ ಮಾಡಿ ನೋಡಿ. ಕೊನೆಗೆ ಆ್ಯಪ್‌ನಿಂದ ಸ್ಟಾರ್ಟ್ ಮಾಡಿ ನೋಡಿ. ಕೆಲವು ಕಾರುಗಳಲ್ಲಿ ಕೀಯಲ್ಲಿ ಸ್ಟಾರ್ಟ್ ಬಟನ್ ಇರುವುದಿಲ್ಲ, ಆ್ಯಪ್ ಮಾತ್ರ. ಹಾಗಿದ್ದರೆ ಎರಡನೆಯದು ಮತ್ತು ಮೂರನೆಯದೇ ಸಾಕು.

ಆ್ಯಪ್‌ನಿಂದ ಲಾಕ್ ಆಗುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ ಅಂದರೆ ದಾರಿ ಪೂರ್ತಿ ತೆರೆದಿದೆ. ಕಾರಿನ ಷರತ್ತುಗಳಲ್ಲಿ ಯಾವುದೋ ಒಂದು ತಪ್ಪಿದೆ. ನನ್ನದು ಇದೇ ಕಥೆ. ಲಾಕ್ ಮತ್ತು ಸ್ಟಾರ್ಟ್ ಬೇರೆ ಬೇರೆ ಪ್ಯಾಕ್‌ಗಳಲ್ಲಿದ್ದರೆ ಮಾತ್ರ ಪ್ಯಾಕನ್ನೂ ಒಮ್ಮೆ ನೋಡಬೇಕು.

ಕೀಯಿಂದ ಸ್ಟಾರ್ಟ್ ಆಗುತ್ತದೆ, ಆ್ಯಪ್‌ನಿಂದ ಯಾವುದೂ ಆಗುವುದಿಲ್ಲ ಅಂದರೆ ಕಾರು ಚೆನ್ನಾಗಿದೆ. ತೊಂದರೆ ಸಬ್‌ಸ್ಕ್ರಿಪ್ಷನ್, ಖಾತೆ, ನೆಟ್‌ವರ್ಕ್ ಅಥವಾ ಟೆಲಿಮ್ಯಾಟಿಕ್ಸ್ ಯೂನಿಟ್‌ನಲ್ಲಿದೆ. ಸಬ್‌ಸ್ಕ್ರಿಪ್ಷನ್ ಮೇಲೆ ಅನುಮಾನ ಪಡಬೇಕಾದ್ದು ಮುಖ್ಯವಾಗಿ ಇಲ್ಲಿ.

ಆ್ಯಪ್‌ನಿಂದ ಸ್ಟಾರ್ಟ್ ಆಗುತ್ತದೆ, ಕೀಯಿಂದ ಆಗುವುದಿಲ್ಲ ಅಂದರೆ ಕೀಯ ಸೆಲ್ ನೋಡಿ. ಸಾಮಾನ್ಯವಾಗಿ ಅದು ಸಿಆರ್ 2032 ಅನ್ನುವ 3 ವೋಲ್ಟಿನ ಬಿಲ್ಲೆ ಸೆಲ್. ಕೈಪಿಡಿಯಲ್ಲಿ ಸಂಖ್ಯೆ ನೋಡಿಕೊಂಡು ಹೊಸದು ಹಾಕಿ.

ಯಾವುದರಿಂದಲೂ ಏನೂ ಆಗುವುದಿಲ್ಲ, ಕೀ ಒತ್ತಿದರೆ ಲೈಟು ಕೂಡ ಮಿಣುಕುವುದಿಲ್ಲ ಅಂದರೆ ನೇರವಾಗಿ ಬ್ಯಾಟರಿ ಭಾಗಕ್ಕೆ ಹೋಗಿ.

ಕಾರೇ ಬೇಡ ಅನ್ನುವಾಗ

ಚಾಲಕ ಇಲ್ಲದೆ ಎಂಜಿನ್ ಓಡಿಸುವುದು ಅಪಾಯದ ಕೆಲಸ. ಅದಕ್ಕೇ ಕಾರು ಹತ್ತು ಕಡೆ ನೋಡಿ ಒಪ್ಪುತ್ತದೆ. ಆಟೋಮ್ಯಾಟಿಕ್ ಆದರೆ ಗೇರ್ 'ಪಿ'ಯಲ್ಲಿರಬೇಕು. ರಿಮೋಟ್ ಸ್ಟಾರ್ಟ್ ಇರುವ ಮ್ಯಾನ್ಯುಯಲ್ ಕಾರಾದರೆ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಬಾಗಿಲು, ಡಿಕ್ಕಿ, ಬಾನೆಟ್ ಹಾಕಿರಬೇಕು. ಲಾಕ್ ಆಗಿರಬೇಕು. ಕೀ ಒಳಗೆ ಇರಬಾರದು. ಹಜಾರ್ಡ್ ಲೈಟ್, ಅಂದರೆ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿಣುಕುವುದು, ಆನ್ ಇರಬಾರದು. ಪೆಟ್ರೋಲ್ ತೀರಾ ತಳಕ್ಕೆ ಇಳಿದಿರಬಾರದು. ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಎಂಜಿನ್ ಲೈಟ್ ಹತ್ತಿದ್ದರೆ ಬಹಳಷ್ಟು ಕಾರುಗಳು ಒಪ್ಪುವುದಿಲ್ಲ. ಎಷ್ಟೋ ಕಾರುಗಳಲ್ಲಿ ಸತತ ಎರಡು ಸಲ ರಿಮೋಟ್‌ನಿಂದ ಸ್ಟಾರ್ಟ್ ಮಾಡಿದ ಮೇಲೆ ಮೂರನೇ ಸಲ ಆಗುವುದಿಲ್ಲ. ಒಳಗೆ ಕೂತು ಒಮ್ಮೆ ಸ್ಟಾರ್ಟ್ ಮಾಡಿದರೆ ಲೆಕ್ಕ ಮತ್ತೆ ಸೊನ್ನೆಗೆ ಬರುತ್ತದೆ. ಆನ್ ಆಗಿ ಹತ್ತು ನಿಮಿಷಕ್ಕೆ ತಾನೇ ಆಫ್ ಆದರೆ ಅದು ದೋಷವಲ್ಲ, ಇಟ್ಟಿರುವ ಮಿತಿಯೇ ಅಷ್ಟು.

ಎರಡನೇ ಕೀ ಬ್ಯಾಗಿನಲ್ಲಿ ಕಾರೊಳಗೇ ಉಳಿದಿದೆಯಾ ಅಂತಲೂ ನೋಡಿ. ಮನೆಯಲ್ಲಿ ಇಬ್ಬರು ಓಡಿಸುತ್ತಿದ್ದರೆ ಇದು ಸುಲಭವಾಗಿ ಆಗುವ ತಪ್ಪು.

ಈ ಪಟ್ಟಿಯಲ್ಲಿ ಬಾನೆಟ್ ಸ್ವಿಚ್ ಅನ್ನುವುದು ತುಂಬಾ ಕಾಡುವ ಜಾಗ. ಬಾನೆಟ್ ಲಾಕಿನ ಹತ್ತಿರ ಒಂದು ಸಣ್ಣ ಸ್ವಿಚ್ ಇರುತ್ತದೆ. ಧೂಳು, ನೀರು, ತುಕ್ಕು ಎಲ್ಲ ಅದನ್ನು ತಿನ್ನುತ್ತವೆ. ಅದು ಕೆಟ್ಟರೆ ಬಾನೆಟ್ ಹಾಕಿದ್ದರೂ ಕಾರಿಗೆ ತೆರೆದಂತೆ ಕಾಣುತ್ತದೆ. ಆಗ ಕೂತು ಸ್ಟಾರ್ಟ್ ಮಾಡಿದರೆ ಮಾಮೂಲಿನಂತೆ ಓಡುತ್ತದೆ, ರಿಮೋಟ್ ಸ್ಟಾರ್ಟ್ ಮಾತ್ರ ಇಲ್ಲ. ಕಾರು ಓಡುತ್ತಿರುವುದರಿಂದ ಬಾನೆಟ್ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ.

ನಮ್ಮ ಕಾರಿನಲ್ಲಿ ಎಲೆಕ್ಟ್ರಿಷಿಯನ್ ಬಾನೆಟ್ ಎತ್ತಿ ಟಾರ್ಚ್ ಬಿಟ್ಟರು. ಲಾಕಿನ ಪಕ್ಕ ಎರಡು ತೆಳು ವೈರ್ ಕೆಳಗೆ ಇಳಿದಿದ್ದವು. ಒಂದರ ಮೇಲಿನ ಪ್ಲಾಸ್ಟಿಕ್ ಬೆರಳುಗುರು ಅಗಲದಷ್ಟು ಕೆರೆದಂತೆ ಹೋಗಿತ್ತು. ಒಳಗಿನ ತಾಮ್ರದ ಎಳೆಗಳು ಕೂದಲಿನ ಹಾಗೆ ಹೊರಗೆ ಚಾಚಿದ್ದವು. ಇನ್ನೊಂದು ಪೂರ್ತಿ ತುಂಡಾಗಿತ್ತು. ಬ್ಯಾಟರಿ ತಟ್ಟೆಯ ಮೂಲೆಯಲ್ಲಿ ಕಪ್ಪು ಇಲಿ ಹಿಕ್ಕೆ, ಪಕ್ಕದಲ್ಲಿ ಅರ್ಧ ತಿಂದ ಹುಣಸೆ ಬೀಜ. ಅವರು ತುಂಡಾದ ತುದಿಗಳನ್ನು ಸುಲಿದು, ಹೊಸ ವೈರ್ ತುಂಡು ಸೇರಿಸಿ ಬೆಸುಗೆ ಹಾಕಿದರು. ಮೇಲೆ ಬಿಸಿಗೆ ಕುಗ್ಗಿ ವೈರನ್ನು ಬಿಗಿಯಾಗಿ ಮುಚ್ಚುವ ಹೀಟ್ ಶ್ರಿಂಕ್ ಕೊಳವೆ ಎಳೆದು ಲೈಟರಿನಿಂದ ಬಿಸಿ ಮಾಡಿದರು. ಬಾನೆಟ್ ಹಾಕಿ 'ಈಗ ಒತ್ತಿ' ಅಂದರು. ಒಂದೇ ಸಲಕ್ಕೆ ಸೆಲ್ಫ್ ಹೊಡೆದು ಎಂಜಿನ್ ಶುರುವಾಯಿತು.

ಇದನ್ನು ನೀವೇ ಪತ್ತೆ ಮಾಡಬಹುದು. ಕಾರು ನಿಂತಿರುವಾಗ ಇಗ್ನಿಷನ್ ಆನ್ ಮಾಡಿ ಬಾನೆಟ್ ಎತ್ತಿ ನೋಡಿ. ಬಾನೆಟ್ ತೆರೆದಿದೆ ಅನ್ನುವ ಚಿಹ್ನೆ ಡ್ಯಾಶ್‌ಬೋರ್ಡಿನಲ್ಲಿ ಅಥವಾ ಆ್ಯಪ್‌ನ ಸ್ಟೇಟಸ್ ಪುಟದಲ್ಲಿ ಬರಬೇಕು. ಹಾಕಿದಾಗ ಹೋಗಬೇಕು. ಎತ್ತಿದರೂ ಹಾಕಿದರೂ ಚಿಹ್ನೆ ಬದಲಾಗದೆ ಇದ್ದರೆ ಸ್ವಿಚ್ ಅಥವಾ ವೈರ್ ಕಡೆ ನೋಡಿ. ಏರ್‌ಬ್ಯಾಗಿನ ಹಳದಿ ವೈರ್‌ಗಳಿಗೆ, ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಾದರೆ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳಿಗೆ ಕೈ ಹಾಕಬೇಡಿ. ಅದು ಕಲಿತವರ ಕೆಲಸ.

ಬ್ಯಾಟರಿ

ಅದೇ ವರ್ಷ ಮಳೆಗಾಲದಲ್ಲಿ ನಾವು ಹನ್ನೆರಡು ದಿನ ರೈಲಿನಲ್ಲಿ ಸಾಗರಕ್ಕೆ ಹೋಗಿದ್ದೆವು. ಕಾರು ಬೆಂಗಳೂರಿನಲ್ಲೇ ಇತ್ತು. ಅಲ್ಲಿಂದ ದಿನಕ್ಕೆ ಎರಡು ಮೂರು ಸಲ ಆ್ಯಪ್ ತೆರೆದು ಕಾರು ಹೇಗಿದೆ ಅಂತ ನೋಡುತ್ತಿದ್ದೆ. ಎಂಟನೇ ದಿನ ಆ್ಯಪ್ ಉತ್ತರ ಕೊಡುವುದನ್ನು ನಿಲ್ಲಿಸಿತು. ಸಬ್‌ಸ್ಕ್ರಿಪ್ಷನ್ ಇನ್ನೂ ಹತ್ತು ತಿಂಗಳು ಬಾಕಿ ಇತ್ತು.

ಎಂಜಿನ್ ಆಫ್ ಆದ ಮೇಲೂ ಟೆಲಿಮ್ಯಾಟಿಕ್ಸ್ ಯೂನಿಟ್ ಒಂದು ಕಿವಿ ತೆರೆದು ಮಲಗಿರುತ್ತದೆ. ಅದಕ್ಕೆ ಕರೆಂಟ್ ಬರುವುದು ಕಾರಿನ 12 ವೋಲ್ಟ್ ಬ್ಯಾಟರಿಯಿಂದ. ನೀವು ಆ್ಯಪ್‌ನಲ್ಲಿ ಸ್ಟೇಟಸ್ ಕೇಳಿದ ಪ್ರತಿ ಸಲ ಅದು ಎದ್ದು, ಕಾರಿನ ಉಳಿದ ಕಂಪ್ಯೂಟರ್‌ಗಳನ್ನೂ ಎಬ್ಬಿಸಿ, ಉತ್ತರ ಕೊಟ್ಟು ಮತ್ತೆ ಮಲಗುತ್ತದೆ. ಕಾರು ತುಂಬಾ ದಿನ ಓಡದಿದ್ದರೆ ಅಥವಾ ವೋಲ್ಟೇಜ್ ಇಳಿದರೆ ಯೂನಿಟ್ ಬ್ಯಾಟರಿ ಉಳಿಸಲು ಆಳ ನಿದ್ದೆಗೆ ಜಾರುತ್ತದೆ. ಆಗ ಯಾವ ಆಜ್ಞೆಯೂ ತಲುಪುವುದಿಲ್ಲ. ಎಷ್ಟು ದಿನಕ್ಕೆ ಹೀಗಾಗುತ್ತದೆ ಅನ್ನುವುದು ಕಾರಿನಿಂದ ಕಾರಿಗೆ ಬೇರೆ. ಮಾಲೀಕರ ಕೈಪಿಡಿಯಲ್ಲಿ ನೋಡಿ. ಇದು ದೋಷವಲ್ಲ. ಒಮ್ಮೆ ಕೂತು ಸ್ಟಾರ್ಟ್ ಮಾಡಿ ಓಡಿಸಿದರೆ ಯೂನಿಟ್ ಎದ್ದು ಕೂರುತ್ತದೆ.

ಬ್ಯಾಟರಿ ಅಳೆಯಲು ಸಾಮಾನ್ಯ ಮಲ್ಟಿಮೀಟರ್ (ವೋಲ್ಟೇಜ್ ಅಳೆಯುವ ಸಣ್ಣ ಮೀಟರ್) ಸಾಕು. ಕಾರು ಆಫ್ ಮಾಡಿ ಕೆಲವು ಗಂಟೆ ಬಿಡಿ. ರಾತ್ರಿ ಬಿಟ್ಟು ಬೆಳಗ್ಗೆ ನೋಡಿದರೆ ಇನ್ನೂ ಒಳ್ಳೆಯದು. ಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. 12.6 ಸುತ್ತಮುತ್ತ ಇದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು ಭಾಗ. 12.2 ಅಂದರೆ ಅರ್ಧ. 12.0 ಅಂದರೆ ಹೆಚ್ಚುಕಡಿಮೆ ಕಾಲು ಭಾಗ. ಸಾಗರದಿಂದ ಬಂದ ದಿನ ನಮ್ಮದು 12.05 ತೋರಿಸಿತು. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.4ರ ನಡುವೆ ಇರಬೇಕು. ಇಷ್ಟಕ್ಕೂ ಬಾರದೆ 12ರಲ್ಲೇ ನಿಂತಿದ್ದರೆ, ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಮೆಕ್ಯಾನಿಕ್‌ಗೆ ತೋರಿಸಿ. ಹೊಸ ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ಏರಿಸಿ ಇಳಿಸುತ್ತದೆ. ಹಾಗಾಗಿ ಒಂದು ಸಲ ನೋಡಿ ತೀರ್ಮಾನಿಸಬೇಡಿ, ಹೆಡ್‌ಲೈಟ್ ಹಾಕಿ ಮತ್ತೆ ನೋಡಿ.

ಸಂಖ್ಯೆ ಸರಿ ಇದ್ದೂ ಸೆಲ್ಫ್ ಹೊಡೆಯುವಾಗ ಎಳೆದೆಳೆದು ತಿರುಗಿದರೆ ಬ್ಯಾಟರಿಗೆ ವಯಸ್ಸಾಗಿದೆ. ನಮ್ಮ ಬಿಸಿಲಿಗೆ ಮೂರು ನಾಲ್ಕು ವರ್ಷಕ್ಕೆ ಬ್ಯಾಟರಿ ಸೋಲುವುದು ಹೊಸದೇನಲ್ಲ. ಉಚಿತ ಸಬ್‌ಸ್ಕ್ರಿಪ್ಷನ್ ಮುಗಿಯುವುದೂ ಎಷ್ಟೋ ಕಾರುಗಳಲ್ಲಿ ಮೂರು ವರ್ಷಕ್ಕೇ. ಎರಡೂ ಒಂದೇ ಕಾಲಕ್ಕೆ ಬರುವುದರಿಂದ ಒಂದನ್ನು ಇನ್ನೊಂದು ಅಂದುಕೊಳ್ಳುವುದು ತುಂಬಾ ಸುಲಭ.

ಬ್ಯಾಟರಿ ಬದಲಿಸುವಾಗ ಒಂದು ಮಾತು. ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆಫ್ ಆಗುವ ಕಾರಾದರೆ ಅದಕ್ಕೆ ಪದೇ ಪದೇ ಸ್ಟಾರ್ಟ್ ಮಾಡಲೆಂದೇ ತಯಾರಿಸಿದ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯೇ ಬೇಕು. ಅಗ್ಗಕ್ಕೆ ಸಿಕ್ಕಿತು ಅಂತ ಸಾದಾ ಬ್ಯಾಟರಿ ಹಾಕಿಸಿದರೆ ಬೇಗ ಸೋಲುತ್ತದೆ. ಮೈನಸ್ ಟರ್ಮಿನಲ್ ಮೇಲೆ ಸಣ್ಣ ಸೆನ್ಸರ್ ಇದ್ದರೆ, ಚಾರ್ಜರ್ ಹಚ್ಚುವಾಗ ಮೈನಸ್ ಕ್ಲಿಪ್ಪನ್ನು ಅದರ ಮೇಲೆ ಹಾಕಬೇಡಿ, ಕಾರಿನ ಬಾಡಿಯ ಗಟ್ಟಿ ಲೋಹಕ್ಕೆ ಹಾಕಿ. ಪಾರ್ಕಿಂಗ್ ಮೋಡ್‌ನಲ್ಲಿ ರಾತ್ರಿಯೆಲ್ಲ ಓಡುವ ಡ್ಯಾಶ್‌ಕ್ಯಾಮ್ (ಗಾಜಿನ ಹತ್ತಿರ ಕೂರಿಸುವ ಕ್ಯಾಮೆರಾ) ಇದ್ದರೆ ಅದೂ ಬ್ಯಾಟರಿ ಇಳಿಸುತ್ತಿರಬಹುದು, ಒಂದು ವಾರ ಅದನ್ನು ತೆಗೆದಿಟ್ಟು ನೋಡಿ.

ನೆಟ್‌ವರ್ಕ್

ಇದು ಬೇಗ ಮುಗಿಯುವ ಪರೀಕ್ಷೆ. ಬೇಸ್‌ಮೆಂಟ್ ಎರಡರಲ್ಲಿ ನಿಮ್ಮ ಫೋನಿಗೇ ಸಿಗ್ನಲ್ ಇಲ್ಲ ಅಂದ ಮೇಲೆ ಕಾರಿಗೆ ಎಲ್ಲಿಂದ ಬರಬೇಕು? ಮೇಲೆ ತಂದು ನಿಲ್ಲಿಸಿ ನೋಡಿ. ಕಾರಿನ ಪರದೆಯ ಮೂಲೆಯಲ್ಲಿ ಸಿಗ್ನಲ್ ಕಡ್ಡಿಗಳಿದ್ದರೆ ಅವನ್ನು ನೋಡಿ. ಅವು ಕಾರಿನದಾ ಅಥವಾ ಬ್ಲೂಟೂತ್‌ನಲ್ಲಿ ಸೇರಿಸಿದ ನಿಮ್ಮ ಫೋನಿನದಾ ಅಂತ ಖಚಿತ ಮಾಡಿಕೊಳ್ಳಿ. ಫೋನಿನ ಬ್ಲೂಟೂತ್ ಆಫ್ ಮಾಡಿದರೆ ಗೊತ್ತಾಗುತ್ತದೆ.

ಕಾರೊಳಗಿನ ಸಿಮ್ ನಿಮ್ಮ ಹೆಸರಿನ ಸಾಮಾನ್ಯ ಸಿಮ್ ಅಲ್ಲ. ಭಾರತದಲ್ಲಿ ಯಂತ್ರಗಳ ನಡುವೆ ಮಾತಾಡುವ ಸಿಮ್‌ಗಳಿಗೆ 2018ರ ಜುಲೈಯಿಂದ 13 ಅಂಕಿಯ ಸಂಖ್ಯೆ ಕೊಡುವ ಪದ್ಧತಿ ಬಂತು. ಅದರ ರೀಚಾರ್ಜ್ ಎಲ್ಲ ಕಂಪನಿಯ ಕೈಯಲ್ಲಿದೆ. ನಿಮ್ಮ ಫೋನಿನ ಡೇಟಾ ಪ್ಯಾಕಿಗೂ ಅದಕ್ಕೂ ಸಂಬಂಧ ಇಲ್ಲ.

ಹಳೆಯ ಕಾರುಗಳಲ್ಲಿ ಇನ್ನೊಂದು ಅಪಾಯ ಇದೆ. ಅಮೆರಿಕದಲ್ಲಿ ಎಟಿ ಅಂಡ್ ಟಿ ಕಂಪನಿ 2022ರ ಫೆಬ್ರವರಿಯಲ್ಲಿ 3ಜಿ ನಿಲ್ಲಿಸಿತು. ಆಗ 3ಜಿ ಮಾತ್ರ ಇದ್ದ ಎಷ್ಟೋ ಕಾರುಗಳ ಆ್ಯಪ್ ಸೇವೆ ನಿಂತುಹೋಯಿತು. ಹಣ ಕಟ್ಟಲು ಸಿದ್ಧರಿದ್ದರೂ ಪ್ರಯೋಜನ ಇರಲಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಯೂನಿಟ್ 4ಜಿಯದಾ ಅಂತ ಕೇಳುವುದು ಒಳ್ಳೆಯದು.

ಸಬ್‌ಸ್ಕ್ರಿಪ್ಷನ್ ಮತ್ತು ಖಾತೆ

ಇಷ್ಟೆಲ್ಲ ದಾಟಿ ಬಂದಿದ್ದರೆ ಈಗ ಹಣದ ಕಡೆ ನೋಡೋಣ.

ನಮ್ಮಲ್ಲಿ ಈ ಕನೆಕ್ಟೆಡ್ ಕಾರುಗಳ ಕಾಲ ಜೋರಾಗಿ ಶುರುವಾದದ್ದು 2019ರಲ್ಲಿ. ಮೇ ತಿಂಗಳಲ್ಲಿ ಹ್ಯುಂಡೈ ವೆನ್ಯೂ, ಜೂನ್‌ನಲ್ಲಿ ಎಂಜಿ ಹೆಕ್ಟರ್, ಆಗಸ್ಟ್‌ನಲ್ಲಿ ಕಿಯಾ ಸೆಲ್ಟೋಸ್ ಬಂದವು. ಮೊದಲ ಕೆಲವು ವರ್ಷ ಸೇವೆ ಉಚಿತ ಅನ್ನುವುದು ಆಗಿನ ದೊಡ್ಡ ಆಕರ್ಷಣೆ. ಉಚಿತ ಅವಧಿ ಯಾವ ದಿನದಿಂದ ಲೆಕ್ಕ ಅನ್ನುವುದನ್ನು ಹೆಚ್ಚಿನವರು ನೋಡಿರುವುದಿಲ್ಲ. ಕಾರು ಕೊಟ್ಟ ದಿನದಿಂದಲೋ, ಆ್ಯಪ್ ಸಕ್ರಿಯ ಮಾಡಿದ ದಿನದಿಂದಲೋ? ಆ್ಯಪ್‌ನ ಸಬ್‌ಸ್ಕ್ರಿಪ್ಷನ್ ಪುಟದಲ್ಲಿ ಮುಗಿಯುವ ದಿನಾಂಕ ಬರೆದಿರುತ್ತದೆ. ಅದರ ಚಿತ್ರ ತೆಗೆದಿಟ್ಟುಕೊಳ್ಳಿ.

ಹಣ ಕಟ್ಟಿದ್ದೀರಿ, ಆದರೂ ಸಕ್ರಿಯ ಆಗಿಲ್ಲ ಅಂದರೆ ಮೊದಲು ಚಾಸಿ ನಂಬರ್ ನೋಡಿ. ಅದರಲ್ಲಿ 17 ಅಕ್ಷರ ಮತ್ತು ಅಂಕಿ ಇರುತ್ತವೆ. ಆ್ಯಪ್‌ನಲ್ಲಿ ಇರುವುದು, ರಸೀದಿಯಲ್ಲಿ ಇರುವುದು, ಆರ್‌ಸಿಯಲ್ಲಿ ಇರುವುದು ಮೂರೂ ಒಂದೇ ಆಗಿರಬೇಕು. ಮನೆಯಲ್ಲಿ ಒಂದೇ ಕಂಪನಿಯ ಎರಡು ಕಾರು ಇದ್ದರೆ ಒಂದರ ಹಣ ಇನ್ನೊಂದಕ್ಕೆ ಹೋಗಿರಬಹುದು. ಆಮೇಲೆ ಕಾರನ್ನು ಬಯಲಲ್ಲಿ ನಿಲ್ಲಿಸಿ ಎಂಜಿನ್ ಆನ್ ಮಾಡಿ ಹದಿನೈದು ನಿಮಿಷ ಒಳಗೇ ಕೂತಿರಿ. ಹೊಸ ಅನುಮತಿಯನ್ನು ಯೂನಿಟ್ ಸರ್ವರ್‌ನಿಂದ ಪಡೆಯಲು ಇದು ಸಹಾಯ ಮಾಡುತ್ತದೆ. ಆ್ಯಪ್‌ನಿಂದ ಲಾಗ್‌ಔಟ್ ಆಗಿ ಮತ್ತೆ ಒಳಗೆ ಬನ್ನಿ.

ತಾನೇ ಹಣ ಕಡಿತವಾಗುವಂತೆ ಇಟ್ಟಿದ್ದರೆ ಬ್ಯಾಂಕಿನ ಮೆಸೇಜ್ ಹುಡುಕಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಕಾರ್ಡಿನ ಇಂಥ ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಬರಬೇಕು. ಈ ನಿಯಮ 2021ರ ಅಕ್ಟೋಬರ್‌ನಿಂದ ಗಟ್ಟಿಯಾಗಿ ಜಾರಿಯಾಯಿತು. ಹಳೆಯ ಕಾರ್ಡ್ ಬದಲಾಗಿದ್ದರೆ ಕೊಟ್ಟ ಅನುಮತಿಯೂ ಹೋಗಿರುತ್ತದೆ. ಆಗ ಸೇವೆ ಸದ್ದಿಲ್ಲದೆ ನಿಲ್ಲುತ್ತದೆ.

ಅವಧಿ ಮುಗಿದಾಗ ರಿಮೋಟ್ ಸ್ಟಾರ್ಟ್ ಒಂದೇ ಹೋಗುವುದಿಲ್ಲ. ಎಷ್ಟೋ ಪ್ಯಾಕ್‌ಗಳಲ್ಲಿ ತುರ್ತು ಸಹಾಯಕ್ಕೆ ಒತ್ತುವ ಎಸ್‌ಒಎಸ್ ಬಟನ್, ಕಳುವಾದ ಕಾರನ್ನು ಹುಡುಕುವ ಸೇವೆ ಕೂಡ ಅದರ ಜೊತೆಗೇ ಇರುತ್ತವೆ. ಕನ್ನಡಿಯ ಹತ್ತಿರ ಕೆಂಪು ಬಟನ್ ಹಾಗೇ ಇರುತ್ತದೆ, ಒತ್ತಿದರೆ ಆ ಕಡೆ ಯಾರೂ ಇರದಿರಬಹುದು. ಇದು ನನಗೆ ನಿಜವಾಗಿ ಕಳವಳ ತರುವ ಸಂಗತಿ. ಯುರೋಪಿನಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳಲ್ಲಿ ಇ-ಕಾಲ್ ಕಡ್ಡಾಯ. ಅಪಘಾತವಾದರೆ ಕಾರು ತಾನೇ 112ಕ್ಕೆ ಕರೆ ಮಾಡುತ್ತದೆ, ಅದಕ್ಕೆ ಸಬ್‌ಸ್ಕ್ರಿಪ್ಷನ್ ಬೇಡ. ನೀವು ರಿನ್ಯೂ ಮಾಡುವುದಿಲ್ಲ ಅಂತ ನಿರ್ಧರಿಸಿದರೆ ಮನೆಯಲ್ಲಿ ಓಡಿಸುವ ಎಲ್ಲರಿಗೂ ಹೇಳಿ: ಆ ಬಟನ್ ನಂಬಬೇಡಿ, ಫೋನಿನಿಂದ 112 ಒತ್ತಿ.

ಫೋನಿನ ಮ್ಯಾಪ್, ಹಾಡುಗಳನ್ನು ಕಾರಿನ ಪರದೆಗೆ ತರುವ ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ನಿಮ್ಮ ಫೋನಿನ ಇಂಟರ್ನೆಟ್‌ನಲ್ಲಿ ಓಡುತ್ತವೆ. ಅವು ಹೋಗುತ್ತವೆ ಅಂತ ಹೆದರಿ ಹಣ ಕಟ್ಟಬೇಕಾಗಿಲ್ಲ.

ಕೀ ಬಟನ್‌ಗೂ ಹಣ ಕೇಳಿದರೆ?

ಮೇಲಿನ ಪರೀಕ್ಷೆಗೆ ಒಂದು ಅಪವಾದ ಇದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಗೊತ್ತಿರಬೇಕು, ಅಲ್ಲಿನ ಚಳಿಗೆ ರಿಮೋಟ್ ಸ್ಟಾರ್ಟ್ ತುಂಬಾ ಬಳಕೆಯ ಸೌಲಭ್ಯ. 2021ರ ಡಿಸೆಂಬರ್‌ನಲ್ಲಿ ಅಲ್ಲಿನ ಟೊಯೋಟಾ ಕಾರುಗಳ ಬಗ್ಗೆ ದೊಡ್ಡ ಸುದ್ದಿಯಾಯಿತು. ಕೆಲವು ಮಾದರಿಗಳಲ್ಲಿ ಕೀ ಬಟನ್‌ನ ರಿಮೋಟ್ ಸ್ಟಾರ್ಟ್ ಕೂಡ ರಿಮೋಟ್ ಕನೆಕ್ಟ್ ಅನ್ನುವ ಸಬ್‌ಸ್ಕ್ರಿಪ್ಷನ್‌ಗೆ ಕಟ್ಟಿ ಹಾಕಿದ್ದು ಹೊರಗೆ ಬಂತು. ಆಗ ಅದಕ್ಕೆ ತಿಂಗಳಿಗೆ 8 ಡಾಲರ್ ಅಥವಾ ವರ್ಷಕ್ಕೆ 80 ಡಾಲರ್ ಇತ್ತು. ಅವಧಿ ಮುಗಿದರೆ ಕೈಯಲ್ಲಿರುವ ಕೀಯಿಂದಲೂ ರಿಮೋಟ್ ಸ್ಟಾರ್ಟ್ ಆಗುವುದಿಲ್ಲ. ಅಂಥ ಕಾರಿನಲ್ಲಿ ಕೀಯಿಂದ ಸ್ಟಾರ್ಟ್ ಆಗದಿದ್ದರೆ ಬಾನೆಟ್ ಎತ್ತುವ ಮೊದಲೇ ಸಬ್‌ಸ್ಕ್ರಿಪ್ಷನ್ ನೋಡಬೇಕು.

ಆ್ಯಪ್ ದಾರಿಗೆ ಹಣ ಕೇಳುವುದು ನನಗೆ ಅರ್ಥವಾಗುತ್ತದೆ. ಸಿಮ್, ಡೇಟಾ, ಸರ್ವರ್ ಎಲ್ಲದಕ್ಕೂ ತಿಂಗಳು ತಿಂಗಳು ಖರ್ಚಿದೆ. ಆದರೆ ಕೀಯಿಂದ ಕಾರಿಗೆ ಹೋಗುವ ರೇಡಿಯೋಗೆ ಯಾರ ಸರ್ವರ್ ಬೇಕು? ಅದರ ಸಾಮಾನಿಗೆ ಕಾರು ಕೊಳ್ಳುವಾಗಲೇ ಹಣ ಕೊಟ್ಟಿರುತ್ತೇವೆ. ಬಿಎಂಡಬ್ಲ್ಯು 2022ರಲ್ಲಿ ಕೆಲವು ದೇಶಗಳಲ್ಲಿ ಬಿಸಿ ಸೀಟಿಗೆ ತಿಂಗಳ ಬಾಡಿಗೆ ಇಟ್ಟಾಗಲೂ ಜನ ಕೇಳಿದ್ದು ಇದೇ ಪ್ರಶ್ನೆ. ಮುಂದಿನ ವರ್ಷ ಕಂಪನಿ ಅದನ್ನು ಕೈಬಿಟ್ಟಿತು. ಗ್ರಾಹಕರು ಕೇಳಿದರೆ ಬದಲಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕಾರು

ಕಲಬುರಗಿಯ ನಮ್ಮ ಭಾವ ಎರಡು ವರ್ಷ ಓಡಿದ ಕಾರು ತೆಗೆದುಕೊಂಡರು. ಅಲ್ಲಿನ ಏಪ್ರಿಲ್ ಬಿಸಿಲಿಗೆ ಹತ್ತು ನಿಮಿಷ ಮೊದಲೇ ಎಸಿ ಹಾಕುವುದು ಐಷಾರಾಮ ಅಲ್ಲ, ಸ್ಟಿಯರಿಂಗ್ ಮುಟ್ಟಬೇಕಲ್ಲ! ಅವಧಿ ಇನ್ನೂ ಬಾಕಿ ಇತ್ತು. ಆದರೂ ಆ್ಯಪ್ 'ಈ ವಾಹನ ಈಗಾಗಲೇ ನೋಂದಣಿಯಾಗಿದೆ' ಅನ್ನುತ್ತಿತ್ತು. ಹಳೆಯ ಮಾಲೀಕರ ಖಾತೆಯಿಂದ ಕಾರು ಹೊರಗೆ ಬಂದೇ ಇರಲಿಲ್ಲ.

ಅಂದರೆ ಭಾವ ಎಲ್ಲಿ ಹೋಗುತ್ತಾರೆ, ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ ಅನ್ನುವುದೆಲ್ಲ ಇನ್ನೊಬ್ಬರ ಫೋನಿನಲ್ಲಿ ಕಾಣುತ್ತಿತ್ತು. ಅವರು ಬೇಕೆಂದರೆ ಬಾಗಿಲು ಕೂಡ ತೆರೆಯಬಹುದಿತ್ತು. ಆ ಮನುಷ್ಯ ಒಳ್ಳೆಯವರು, ಫೋನ್ ಮಾಡಿದ ಕೂಡಲೇ ತೆಗೆದರು. ಎಲ್ಲರಿಗೂ ಅಂಥವರೇ ಸಿಗಬೇಕೆಂದಿಲ್ಲ.

ಕೊಳ್ಳುವ ದಿನ, ಹಣ ಕೊಡುವ ಮೊದಲು, ಹಳೆಯ ಮಾಲೀಕರ ಫೋನಿನಲ್ಲಿ ನಿಮ್ಮ ಎದುರಿಗೇ ಕಾರನ್ನು ಆ್ಯಪ್‌ನಿಂದ ತೆಗೆಸಿ. ಪರದೆಯ ಸೆಟ್ಟಿಂಗ್‌ನಲ್ಲಿ ಫ್ಯಾಕ್ಟರಿ ರಿಸೆಟ್ ಮಾಡಿ. ಅವರು ಸಿಗದಿದ್ದರೆ ನಿಮ್ಮ ಹೆಸರಿನ ಆರ್‌ಸಿ ಹಿಡಿದು ಸರ್ವಿಸ್ ಸೆಂಟರ್‌ಗೆ ಹೋಗಿ ಮಾಲೀಕರ ಬದಲಾವಣೆ ಅರ್ಜಿ ಕೊಡಿ. ಉಳಿದ ಅವಧಿ ನಿಮಗೆ ಬರುತ್ತದೆಯೇ ಅಂತ ಬರಹದಲ್ಲಿ ಕೇಳಿ. ಮಾರುವವರೂ ಇದನ್ನು ಮರೆಯಬಾರದು.

ಪರೀಕ್ಷೆ ಮಾಡುವಾಗ ಎಚ್ಚರ

ಮುಚ್ಚಿದ ಗ್ಯಾರೇಜಿನಲ್ಲಿ, ಗಾಳಿಯಾಡದ ಬೇಸ್‌ಮೆಂಟಿನಲ್ಲಿ ರಿಮೋಟ್ ಸ್ಟಾರ್ಟ್ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮನೆಗೆ ಅಂಟಿದ ಗ್ಯಾರೇಜಾದರೆ ಅದು ಒಳಗೂ ಬರುತ್ತದೆ. ಬಾನೆಟ್ ಒಳಗೆ ಯಾರದಾದರೂ ಕೈ ಇದ್ದಾಗ ಫೋನ್ ಮತ್ತು ಕೀ ಎರಡೂ ದೂರ ಇಡಿ. ಸ್ವಿಚ್ ವೈರ್ ಸರಿ ಮಾಡುವಾಗ ನಮ್ಮ ಎಲೆಕ್ಟ್ರಿಷಿಯನ್ ಮೊದಲು ಕೇಳಿದ್ದು ನನ್ನ ಫೋನನ್ನೇ. ತಮ್ಮ ಅಂಗಡಿ ಒಳಗಿನ ಮೇಜಿನ ಮೇಲೆ ಇಟ್ಟು ಬಂದರು.

ರಸ್ತೆ ಬದಿಯಲ್ಲೂ ಬೇಡ. ಮೋಟಾರು ವಾಹನ ಕಾಯ್ದೆ 1988ರ 126ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕಾರು ನಿಂತಿದ್ದರೆ, ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವವರು ಇರಬೇಕು, ಇಲ್ಲದಿದ್ದರೆ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು ಅಥವಾ ಕಾರು ತಾನಾಗಿ ಚಲಿಸದಂತೆ ಬೇರೆ ವ್ಯವಸ್ಥೆ ಮಾಡಿರಬೇಕು. ಸುಮ್ನೆ ತೊಂದರೆ ಯಾಕೆ? ಮನೆಯ ಕಾಂಪೌಂಡಿನಲ್ಲೇ ಪರೀಕ್ಷೆ ಮಾಡಿ.

ಸರ್ವಿಸ್ ಸೆಂಟರ್‌ಗೆ ಹೋಗುವಾಗ

'ಆ್ಯಪ್ ಕೆಲಸ ಮಾಡ್ತಿಲ್ಲ' ಅಂತ ಮಾತ್ರ ಹೇಳಿದರೆ ಜಾಬ್ ಕಾರ್ಡಿನಲ್ಲಿ ಅಷ್ಟೇ ಬರೆಯುತ್ತಾರೆ, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಕಳಿಸುತ್ತಾರೆ. ಬದಲಿಗೆ ಹೀಗೆ ಬರೆಸಿ: 'ಕೀಯಿಂದ ಸ್ಟಾರ್ಟ್ ಆಗುತ್ತದೆ. ಬಯಲಲ್ಲಿ, 4ಜಿ ಸಿಗ್ನಲ್ ಇರುವಾಗ ಆ್ಯಪ್‌ನಿಂದ ಲಾಕ್ ಕೂಡ ಆಗುವುದಿಲ್ಲ. ಬ್ಯಾಟರಿ ಬೆಳಗ್ಗೆ 12.5 ವೋಲ್ಟ್. ಸಬ್‌ಸ್ಕ್ರಿಪ್ಷನ್ ಇಂಥ ದಿನದ ತನಕ ಇದೆ.' ಜೊತೆಗೆ ಪ್ರಯತ್ನಿಸಿದ ದಿನಾಂಕ, ಗಂಟೆ, ನಿಮಿಷ ಬರೆದುಕೊಡಿ. ಆ ಸಮಯ ಇದ್ದರೆ ಆಜ್ಞೆ ಸರ್ವರ್‌ನಲ್ಲಿ ನಿಂತಿತೋ ಕಾರಿನ ತನಕ ಬಂತೋ ಅಂತ ಕಂಪನಿಯವರು ದಾಖಲೆಯಲ್ಲಿ ಹುಡುಕುವುದು ಸುಲಭ.

ಹಣ ತೆಗೆದುಕೊಂಡು ಸೇವೆ ಕೊಡದಿದ್ದರೆ ಮೊದಲು ಇಮೇಲ್‌ನಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಸಬ್‌ಸ್ಕ್ರಿಪ್ಷನ್ ನಿಲ್ಲಿಸುವ ಬಟನ್ ಸಿಗದಂತೆ ಮಾಡಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ. 2023ರ ನವೆಂಬರ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯಲ್ಲಿ ಇಂಥ ಸಬ್‌ಸ್ಕ್ರಿಪ್ಷನ್ ಬಲೆಯನ್ನು ಹೆಸರಿಟ್ಟೇ ನಿಷೇಧಿಸಿದ್ದಾರೆ.

ನಾನು ಬಾನೆಟ್ ವೈರ್‌ನ ಫೋಟೋ, ರಸೀದಿ, ಪ್ರಯತ್ನಿಸಿದ ಸಮಯಗಳು ಎಲ್ಲವನ್ನೂ ಫೋನಿನಲ್ಲಿ ಒಂದೇ ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ. ಈಗ ತಿಂಗಳಿಗೊಮ್ಮೆ ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ಆ ಎರಡು ವೈರ್ ನೋಡುತ್ತೇನೆ. ಹಿಕ್ಕೆ ಕಂಡರೆ ಅವತ್ತೇ ಬ್ಯಾಟರಿ ತಟ್ಟೆ ಒರೆಸಿ, ಕಾರನ್ನು ಹುಣಸೆ ಮರದಿಂದ ದೂರ ನಿಲ್ಲಿಸುತ್ತೇನೆ.